ಮೊದಲು ಆ ಕೋಣೆಗೊಂದು ಚಿಲಕ ಹಾಕಿಸಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಪಾಸಣೆ ನಿಜವಾಗಿ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬ್ರ್ಯಾಂಚ್ ಪೋಸ್ಟ್ ಆಫೀಸ್ ನೋಡಿಕೊಳ್ಳುವವಳು. ಹದಿನಾರು ವರ್ಷದಿಂದ ಬೇರೆಯವರ ಪತ್ರಗಳಿಗೆ ಮೊಹರು ಒತ್ತಿದ್ದೇನೆ. ಓದಲು ಬಾರದವರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ನನ್ನದೇ ಅಂತ ಸರ್ಕಾರಕ್ಕೆ ಬರೆಯುತ್ತಿರುವುದು ಇದೇ ಮೊದಲು. ಬರೆಯಲಿಕ್ಕೆ ಕಾರಣ ನಮ್ಮ ಚಿಕ್ಕಮ್ಮ.

ಎರಡು ವರ್ಷದ ಹಿಂದಿನ ಮಾತು. ಶ್ರಾವಣದ ಮೂರನೇ ಶನಿವಾರ ನಮ್ಮ ಮನೆಯಲ್ಲಿ ಪೂಜೆ ಇತ್ತು. ಚಿಕ್ಕಮ್ಮ ಬಂದಳು, ಆದರೆ ಒಳಗೆ ಬರಲಿಲ್ಲ. ಹಿತ್ತಿಲ ಕಡೆ ಕಲ್ಲಿನ ಮೇಲೆ ಕೂತಳು. ಅಮ್ಮ ಕರೆದರೆ, "ನಾನು ಹೊರಗಾಗಿದೀನಿ ಅಕ್ಕ" ಅಂದಳು. ಅಮ್ಮ ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ನಿಂತಳು. "ನಿಂಗೆ ನಿಂತು ನಾಲ್ಕು ವರ್ಷ ಆಗಿಲ್ವೇನೆ?" ಅಂತ ಕೇಳಿದಳು. ಚಿಕ್ಕಮ್ಮ ನಕ್ಕಳು. "ದೇವರು ಮತ್ತೆ ಚಿಕ್ಕೋಳನ್ನ ಮಾಡ್ತಿದಾನೆ ಅಂತ ಕಾಣ್ತದೆ" ಅಂದಳು. ಆಗ ಅವಳಿಗೆ 51.

ನಮ್ಮ ಪುಣ್ಯಕ್ಕೆ ಆ ದಿನ ಪೂಜೆ ಇತ್ತು. ಇಲ್ಲದಿದ್ದರೆ ಇನ್ನೂ ಎಷ್ಟು ತಿಂಗಳು ಸುಮ್ಮನಿರುತ್ತಿದ್ದಳೋ.

ಆಮೇಲೆ ಕೂರಿಸಿಕೊಂಡು ಕೇಳಿದರೆ ಒಂದೊಂದೇ ಹೊರಗೆ ಬಂತು. ಮುಟ್ಟು ನಿಂತ ಮೇಲೂ ಆಗಾಗ ಕಲೆ ಕಾಣುತ್ತಿತ್ತಂತೆ. ಅದಕ್ಕೂ ಮೊದಲಿಂದ ಬಿಳಿ ಹೋಗುತ್ತಿತ್ತು, ವಾಸನೆ ಬರುತ್ತಿತ್ತು. ಎಲ್ಲರೂ ಏಳೋ ಮೊದಲೇ ಬಟ್ಟೆ ತೊಳೆದು, ಬೇರೆ ಬಟ್ಟೆಗಳ ಕೆಳಗೆ ಒಣಗಲು ಹಾಕುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಸೊಂಟ ನೋವನ್ನು ಮಾತ್ರ ಎಲ್ಲರಿಗೂ ಹೇಳುತ್ತಿದ್ದಳು. ಸೊಂಟ ನೋವು ಹೇಳಿಕೊಳ್ಳಬಹುದಾದ ಕಾಯಿಲೆ, ಅಲ್ವಾ.

ಅದಕ್ಕೆ ಏಳು ತಿಂಗಳು ಮುಂಚೆ, ಸಂಕ್ರಾಂತಿ ಕಳೆದ ಮೇಲೆ, ಆಶಾ ಕಾರ್ಯಕರ್ತೆ ಅವಳ ಮನೆಗೆ ಬಂದಿದ್ದರು. ಮೂವತ್ತು ದಾಟಿದವರಿಗೆ ತುಂಬುವ ಫಾರಂ ಇದೆಯಲ್ಲ, ಅದನ್ನು ತುಂಬಲಿಕ್ಕೆ. ಅದರಲ್ಲಿ ಹೆಂಗಸರಿಗೇ ಅಂತ ಕೆಲವು ಪ್ರಶ್ನೆಗಳಿವೆ. ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ? ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದೆಯೇ? ಗಂಡನ ಜೊತೆ ಸೇರಿದ ಮೇಲೆ ರಕ್ತ ಬರುತ್ತದೆಯೇ? ವಾಸನೆಯ ಬಿಳಿ ಹೋಗುತ್ತದೆಯೇ? ಇವು ಸರಿಯಾದ ಪ್ರಶ್ನೆಗಳು. ಇವನ್ನು ಬರೆದವರಿಗೆ ಕಾಯಿಲೆ ಚೆನ್ನಾಗಿ ಗೊತ್ತು. ಆದರೆ ಇವನ್ನು ಕೇಳಿದ್ದು ಜಗಲಿ ಮೇಲೆ. ಪಕ್ಕದಲ್ಲಿ ಚಿಕ್ಕಮ್ಮನ ಅತ್ತೆ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ಎದುರಿಗೆ ಮೈದುನನ ಮಗ ಬೈಕ್ ತೊಳೆಯುತ್ತಿದ್ದ. ಚಿಕ್ಕಮ್ಮ ನಾಲ್ಕಕ್ಕೂ "ಇಲ್ಲ" ಅಂದಳು. ಆಶಾ ನಾಲ್ಕು ಕಡೆ "ಇಲ್ಲ" ಅಂತ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದರು.

ಆ ಫಾರಂ ಇಂದಿಗೂ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಇರಬೇಕು. ತಮ್ಮ ಇಲಾಖೆಯ ಲೆಕ್ಕದಲ್ಲಿ ನಮ್ಮ ಚಿಕ್ಕಮ್ಮನನ್ನು ವಿಚಾರಿಸಿ ಆಗಿದೆ.

ನಾನು ಆಶಾ ಅವರನ್ನು ದೂರುತ್ತಿಲ್ಲ. ಅವರ ತಲೆ ಮೇಲೆ ಬಾಣಂತಿಯಿಂದ ಹಿಡಿದು ಡೆಂಗಿವರೆಗೆ ಎಲ್ಲಾ ಇದೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದ ಆಶಾಗಳಲ್ಲಿ ನಮ್ಮೂರಿನವರೂ ಇದ್ದರು. ನನ್ನ ತಕರಾರು ಇರುವುದು ಜಾಗದ ಬಗ್ಗೆ. 2024ರಲ್ಲಿ ಕೋಲಾರದಿಂದ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯ ಬಗ್ಗೆ ಪೇಪರಿನಲ್ಲಿ ಓದಿದೆ. ಮನೆ ಬಾಗಿಲಿಗೇ ಬಂದು ತಪಾಸಣೆ. ಒಳ್ಳೆಯದೇ. ಆದರೆ ಬಿಪಿಯನ್ನು ಜಗಲಿ ಮೇಲೆ ನೋಡಬಹುದು, ಶುಗರ್ ನೋಡಬಹುದು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ಬಾಯಿ ಕ್ಯಾನ್ಸರೂ ನೋಡಬಹುದು. ಗರ್ಭಕಂಠ ನೋಡಬೇಕಾದರೆ ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಮನೆ ಬಾಗಿಲಿಗೆ ಬರುವ ಯೋಜನೆಯಲ್ಲಿ ಈ ಒಂದು ಕಾಯಿಲೆಗೆ ಮಾತ್ರ ಹೆಂಗಸೇ ಎದ್ದು ಹೋಗಬೇಕು. ಹೋದಲ್ಲಿ ಏನಿದೆ ಅಂತ ಹೇಳುತ್ತೇನೆ.

ಪೂಜೆ ಮುಗಿದ ಸೋಮವಾರವೇ ಚಿಕ್ಕಮ್ಮನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ಪಿಎಚ್‌ಸಿಗೆ ಕರೆದುಕೊಂಡು ಹೋದೆ. ಯಾವ ಊರಿನ ಪಿಎಚ್‌ಸಿ ಅಂತ ಬರೆಯುವುದಿಲ್ಲ. ಬರೆದರೆ ಅಲ್ಲಿಯ ಸಿಸ್ಟರ್‌ಗೆ ನೋಟಿಸ್ ಬರುತ್ತದೆ, ಬೇರೇನೂ ಬದಲಾಗುವುದಿಲ್ಲ. ಆ ಸಿಸ್ಟರ್ ಒಳ್ಳೆಯವರು. ಚಿಕ್ಕಮ್ಮ ಹೇಳುವುದನ್ನು ತಲೆ ಬಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರು. ಪರೀಕ್ಷೆ ಮಾಡುವ ಟೇಬಲ್ ಇತ್ತು. ಅದರ ಮೇಲೆ ಓಆರ್‌ಎಸ್ ಡಬ್ಬಗಳು, ಹಳೇ ರಿಜಿಸ್ಟರುಗಳ ಕಟ್ಟು, ಸುತ್ತಿಟ್ಟ ಪೋಲಿಯೋ ಬ್ಯಾನರ್. ಕಿಟಕಿಗೆ ಪರದೆ ಇಲ್ಲ. ಕಿಟಕಿಯಾಚೆ ಔಷಧಿ ತಗೊಳ್ಳುವ ಗಂಡಸರ ಸಾಲು. ಬಾಗಿಲು ಇದೆ, ಚಿಲಕ ಇಲ್ಲ. ಚಿಲಕದ ಜಾಗದಲ್ಲಿ ಎರಡು ತೂತು ಇದ್ದವು, ಒಂದರಲ್ಲಿ ಬಟ್ಟೆ ತುರುಕಿದ್ದರು. "ನಂಗೆ ಟ್ರೈನಿಂಗ್ ಆಗಿದೆ ಮೇಡಂ, ಮಾಡೋಕೆ ಬರುತ್ತೆ. ಆದ್ರೆ ಎಲ್ಲಿ ಮಾಡ್ಲಿ ಹೇಳಿ" ಅಂದರು. ಪರೀಕ್ಷೆಗೆ ಬೇಕಾದ ದ್ರಾವಣದ ಬಾಟಲಿ ಖಾಲಿಯಾಗಿ ಎಷ್ಟೋ ದಿನವಾಗಿತ್ತಂತೆ. ಯಾರೂ ಬರುವುದಿಲ್ಲ ಅಂತ ಇಂಡೆಂಟ್ ಹಾಕಿಲ್ಲ, ಸಾಮಾನಿಲ್ಲ ಅಂತ ಯಾರನ್ನೂ ಕರೆದಿಲ್ಲ.

ಆ ಬಾಟಲಿಯಲ್ಲಿ ಇರಬೇಕಾದದ್ದು ಏನು ಅಂತ ಆಮೇಲೆ ತಿಳಿದುಕೊಂಡೆ. ನೂರಕ್ಕೆ ಮೂರರಿಂದ ಐದು ಪಾಲು ಅಸಿಟಿಕ್ ಆಸಿಡ್. ತಮ್ಮ ಇಲಾಖೆ 2024ರಲ್ಲಿ ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ಆದೇಶ ಮಾಡಿತಲ್ಲ, ಅದೇ ಗೋಬಿ ಗಾಡಿಯ ವಿನೆಗರ್‌ನಲ್ಲಿ ಇರುವುದೂ ಇದೇ. ಅದನ್ನು ಹತ್ತಿಯಲ್ಲಿ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯಬೇಕು. ಕೆಟ್ಟಿರುವ ಜಾಗ ಬೆಳ್ಳಗಾಗುತ್ತದೆ. ಅಷ್ಟೇ ಪರೀಕ್ಷೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲೇ ಇದೆ: ಮೂವತ್ತು ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕು ಅಂತ. ಡಾಕ್ಟರೇ ಮಾಡಬೇಕು ಅಂತಲೂ ಇಲ್ಲ. ಮುಂಬೈನ ಟಾಟಾ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಡಾಕ್ಟರಲ್ಲದ ಆರೋಗ್ಯ ಕಾರ್ಯಕರ್ತೆಯರಿಗೆ ಇದನ್ನೇ ಕಲಿಸಿ, ವರ್ಷಗಟ್ಟಲೆ ನಡೆಸಿ ನೋಡಿದರು. ಈ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ನೂರಕ್ಕೆ 31ರಷ್ಟು ಇಳಿಯಿತು.

ಸಿಸ್ಟರ್ ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಪಟ್ಟಣಕ್ಕೆ ಹೋದರೆ ಲೇಡಿ ಡಾಕ್ಟರ್ ರಜೆ. ಬುಧವಾರ ಬನ್ನಿ ಅಂದರು. ಬುಧವಾರ ಆಪರೇಷನ್ ದಿನ ಅಂದರು. ಚಿಕ್ಕಪ್ಪನಿಗೆ ಸಿಟ್ಟು ಬಂತು. ಯಾರೋ ಹೇಳಿದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿ ಸ್ಕ್ಯಾನ್ ಮಾಡಿ, ಹತ್ತು ನಿಮಿಷದಲ್ಲಿ, "ಗರ್ಭಕೋಶ ತೆಗೆಸಿಬಿಡಿ, ಇಟ್ಕೊಂಡ್ರೆ ಮುಂದೆ ಕ್ಯಾನ್ಸರ್ ಆಗುತ್ತೆ" ಅಂದರು. ಒಳಗೆ ಇಣುಕಿ ನೋಡಲೂ ಇಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಲೂ ಇಲ್ಲ. 35 ಸಾವಿರ ಆಗುತ್ತದೆ ಅಂದರು. ಚಿಕ್ಕಪ್ಪ ಶೇಂಗಾ ಮಂಡಿಯಲ್ಲಿ ಸಾಲಕ್ಕೆ ಮಾತಾಡಿಕೊಂಡೂ ಬಂದಿದ್ದರು. ಆ ಆಪರೇಷನ್ ಮಾತ್ರ ಆಗಲಿಲ್ಲ, ಬೆಂಗಳೂರಿಗೆ ಹೋದೆವು.

ಮುಂದೆ ಆಗುತ್ತದೆ ಅಂತ ಅವರು ಹೆದರಿಸಿದ ಕ್ಯಾನ್ಸರ್ ಆಗಲೇ ಅಲ್ಲಿತ್ತು. ಅದು ಇದೆ ಅಂತ ತಿಳಿಯದೆ ಸುಮ್ನೆ ಗರ್ಭಕೋಶ ತೆಗೆದುಬಿಟ್ಟರೆ ಆಮೇಲಿನ ಚಿಕಿತ್ಸೆಯೇ ಕೆಡುತ್ತದೆ ಅಂತ ನಂತರ ಬೆಂಗಳೂರಿನ ಡಾಕ್ಟರು ಹೇಳಿದರು. ಹಾವೇರಿ, ಕಲಬುರಗಿ ಜಿಲ್ಲೆಗಳಲ್ಲಿ ತಾಂಡಾದ, ಕೂಲಿಯ ಹೆಂಗಸರ ಗರ್ಭಕೋಶಗಳನ್ನು ಬೇಡದಿದ್ದರೂ ತೆಗೆದ ವಿಚಾರ ತಮಗೆ ಗೊತ್ತೇ ಇದೆ, ಅದರ ಮೇಲೆ ತನಿಖೆಗಳೂ ನಡೆದಿವೆ. ಅಲ್ಲಿಯೂ ಬಳಸಿದ್ದು ಕ್ಯಾನ್ಸರ್ ಎಂಬ ಭಯವನ್ನೇ. ಅದಕ್ಕೇ ನಾನು ಹೇಳುವುದು, ಬರೀ ಜಾಗೃತಿ ಬೇಡ. ಪರೀಕ್ಷೆ ಇಲ್ಲದ ಊರಿನಲ್ಲಿ ಜಾಗೃತಿ ಮೂಡಿಸಿದರೆ ಹೆಂಗಸರು ಹೆದರುತ್ತಾರೆ, ಹೆದರಿದವರನ್ನು ಸುಲಿಯುವವರು ಕಾಯುತ್ತಿರುತ್ತಾರೆ. ಜನವರಿ ಬಂದರೆ ಈ ಕ್ಯಾನ್ಸರಿನ ಜಾಗೃತಿ ತಿಂಗಳು ಅಂತ ಜಾಥಾ, ಬ್ಯಾನರ್, ಫೋಟೋ. 2024ರಲ್ಲಿ ಮುಂಬೈನ ನಟಿಯೊಬ್ಬರು ಈ ಕ್ಯಾನ್ಸರಿನಿಂದ ಸತ್ತರು ಅಂತ ಸುದ್ದಿ ಬಿಟ್ಟು, ಮಾರನೇ ದಿನ ಬದುಕಿದ್ದೇನೆ, ಜಾಗೃತಿಗಾಗಿ ಹೀಗೆ ಮಾಡಿದೆ ಅಂದರಲ್ಲ. ಎರಡು ದಿನ ಎಲ್ಲರ ಮೊಬೈಲಿನಲ್ಲೂ ಅದೇ. ಮೂರನೇ ದಿನ ನಮ್ಮ ಪಿಎಚ್‌ಸಿಗೆ ಹೋಗಿ ಕೇಳಿದ್ದರೂ ಅಲ್ಲಿ ಚಿಲಕ ಇರುತ್ತಿರಲಿಲ್ಲ.

ಅಂಕಿ ಅಂಶ ತಮಗೆ ಹೊಸದಲ್ಲ. ಆದರೂ ಒಮ್ಮೆ ಬರೆಯುತ್ತೇನೆ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ವರ್ಷ 1,27,526 ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು. 79,906 ಜನ ಸತ್ತರು. ಸುಮಾರು ಆರೂವರೆ ನಿಮಿಷಕ್ಕೆ ಒಬ್ಬರು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 30ರಿಂದ 49 ವರ್ಷದ ಹೆಂಗಸರನ್ನು ಕೇಳಿದಾಗ, ಜೀವನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿದ್ದೇವೆ ಅಂದವರು ನೂರಕ್ಕೆ ಇಬ್ಬರೂ ಇಲ್ಲ, 1.9. ಪಕ್ಕದ ತಮಿಳುನಾಡಿನಲ್ಲಿ ಅದು ನೂರಕ್ಕೆ ಹತ್ತರ ಹತ್ತಿರ. ಹತ್ತು ಅನ್ನುವುದೇನು ದೊಡ್ಡ ಸಂಖ್ಯೆಯಲ್ಲ. ಆದರೆ ಅವರು ಥೇಣಿ, ತಂಜಾವೂರು ಅಂತ ಎರಡು ಜಿಲ್ಲೆ ಹಿಡಿದು ಮೊದಲು ಮಾಡಿ ನೋಡಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಹಾಕಿಕೊಂಡ ಗುರಿ ಏನು ಅಂದರೆ, 2030ರೊಳಗೆ ನೂರರಲ್ಲಿ ಎಪ್ಪತ್ತು ಹೆಂಗಸರಿಗೆ 35ರ ಹೊತ್ತಿಗೊಮ್ಮೆ, 45ರ ಹೊತ್ತಿಗೊಮ್ಮೆ ಪರೀಕ್ಷೆ ಆಗಿರಬೇಕು. ನಾವು ಎರಡರ ಹತ್ತಿರ ಇದ್ದೇವೆ, ಹೋಗಬೇಕಾದದ್ದು ಎಪ್ಪತ್ತಕ್ಕೆ.

ಇಷ್ಟಕ್ಕೂ ಈ ಕಾಯಿಲೆ ಅವಸರದ್ದಲ್ಲ. ಇದನ್ನು ತರುವ ಎಚ್‌ಪಿವಿ ವೈರಸ್ ಮೈಗೆ ಸೇರಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ಬೇಕು. ಸಂಸಾರ ಮಾಡುವ ಹೆಚ್ಚು ಕಮ್ಮಿ ಎಲ್ಲರಿಗೂ ಯಾವಾಗಲೋ ಒಮ್ಮೆ ತಗಲುವ ವೈರಸ್ ಅದು. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಉಳಿದುಬಿಡುತ್ತದೆ. ಉಳಿದವರಲ್ಲೂ ಮೊದಲು ಬರುವುದು ಕ್ಯಾನ್ಸರ್ ಅಲ್ಲ, ಅದಕ್ಕೂ ಹಿಂದಿನ ಹಂತ. ಆ ಹಂತದಲ್ಲಿ ಸಿಕ್ಕರೆ ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದಿಂದ ಆ ಜಾಗ ಸುಟ್ಟು ಅವತ್ತೇ ಮನೆಗೆ ಕಳಿಸಬಹುದು. ನಮ್ಮ ಚಿಕ್ಕಮ್ಮನಿಗೆ ಮೂವತ್ತೈದಕ್ಕೊಮ್ಮೆ, ನಲವತ್ತೈದಕ್ಕೊಮ್ಮೆ ಯಾರಾದರೂ ನೋಡಿದ್ದರೆ ಸಾಕಾಗಿತ್ತು. ಆ ವರ್ಷಗಳಲ್ಲಿ ಅವಳು ಸರ್ಕಾರಿ ಆಸ್ಪತ್ರೆಗೆ ಹೋಗೇ ಇಲ್ಲ ಅಂತಿಲ್ಲ. ಸಂತಾನಹರಣ ಆಪರೇಷನ್ನಿಗೆ ಹೋಗಿದ್ದಾಳೆ. ಸೊಸೆಯ ಹೆರಿಗೆಗೆ ಹೋಗಿ ಮೂರು ದಿನ ಅಲ್ಲೇ ಮಲಗಿದ್ದಾಳೆ. ಯಾರೂ ಕೇಳಲಿಲ್ಲ.

ಈಗ ಲಸಿಕೆಯ ಮಾತು ಎಲ್ಲರ ಬಾಯಲ್ಲೂ ಇದೆ. ನನಗೆ ಅದರ ವಿರೋಧ ಇಲ್ಲ. ನನ್ನ ಮಗಳು ಎಂಟನೇ ಕ್ಲಾಸು, ಅವಳಿಗೆ ಹಾಕಿಸುವವಳೇ ನಾನು. ಒಂದೇ ಡೋಸ್ ಸಾಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪುಣೆಯ ಸೀರಂ ಸಂಸ್ಥೆಯವರ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಬಂದಾಗ ಖಾಸಗಿಯಲ್ಲಿ ಡೋಸಿಗೆ 2000 ರೂಪಾಯಿ ಇತ್ತು. ಸರಿಯಾಗಿ ಗೃಹಲಕ್ಷ್ಮಿಯ ಒಂದು ತಿಂಗಳ ಹಣ. ಹೆತ್ತವಳ ಅಕೌಂಟಿಗೆ ಬಂದ ದುಡ್ಡು ಮಗಳ ತೋಳಿಗೆ ಹೋಗುವುದಾದರೆ ಹೋಗಲಿ. ಆದರೆ ಒಂದು ವಿಷಯ ಮರೆಯಬೇಡಿ. 2009–10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಈ ಲಸಿಕೆಯ ಯೋಜನೆ ನಡೆದಾಗ, ಹಾಸ್ಟೆಲಿನ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಮಕ್ಕಳ ಸಾವಿನ ಸುದ್ದಿ ಬಂದು ಎಲ್ಲಾ ನಿಂತುಹೋಯಿತು. ತನಿಖೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣ ಅಲ್ಲ ಅಂತ ಬಂತು. ಆದರೆ ತಂದೆ ತಾಯಿಗೆ ಹೇಳದೆ ಮಾಡಿದ್ದು ನಿಜವಾಗಿತ್ತು. ಹೋದ ನಂಬಿಕೆ ಬೇಗ ವಾಪಸ್ ಬರಲಿಲ್ಲ. ನಮ್ಮೂರ ವಾಟ್ಸಾಪಿನಲ್ಲಿ ಈಗಲೂ "ಇದು ಹಾಕಿಸಿದ್ರೆ ಮಕ್ಕಳಾಗಲ್ಲ" ಅಂತ ತಿರುಗುತ್ತಿದೆ. ಅದು ಸುಳ್ಳು ಅಂತ ನಾನು ಕೌಂಟರಿನಲ್ಲಿ ಕೂತು ಎಷ್ಟು ಜನಕ್ಕೆ ಹೇಳಲಿ? ಶಾಲೆಯಲ್ಲಿ ಹಾಕುವುದಾದರೆ ಮೊದಲು ತಾಯಂದಿರನ್ನು ಕರೆಸಿ, ಸಭೆ ಮಾಡಿ, ಅವರ ಪ್ರಶ್ನೆಗೆ ಎದುರಿಗೇ ಉತ್ತರ ಕೊಡಿ.

ಅದೇ ಸಭೆಯಲ್ಲಿ ಆ ತಾಯಂದಿರನ್ನೇ ಕೇಳಿ, ನಿಮ್ಮ ಪರೀಕ್ಷೆ ಆಗಿದೆಯಾ ಅಂತ. ನನ್ನ ಪತ್ರದ ಮುಖ್ಯ ಮಾತು ಇದೇ. ಇಂದು ಹಾಕುವ ಲಸಿಕೆಯ ಫಲ ಕಾಣಲು ಇಪ್ಪತ್ತು ವರ್ಷ ಬೇಕು. ಈಗಾಗಲೇ ಮೈಯಲ್ಲಿರುವ ವೈರಸ್ಸನ್ನು ಅದು ತೆಗೆಯುವುದಿಲ್ಲ. ಮಗಳಿಗೆ ಲಸಿಕೆ ಕೊಟ್ಟು ಅಮ್ಮನನ್ನು ಬಿಟ್ಟರೆ, ಆ ಮಗಳ ಮದುವೆ ನೋಡಲು ಅಮ್ಮ ಇರಬೇಕಲ್ಲ.

ಇನ್ನು ಚಿಕಿತ್ಸೆಯ ವಿಷಯ. ಇಲ್ಲಿ ಸರ್ಕಾರವನ್ನು ಹೊಗಳಲೇಬೇಕು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಖರ್ಚು ಕೈಯಿಂದ ಹೋಗಲಿಲ್ಲ. ರೆಫರಲ್ ಚೀಟಿಗೆ, ಅದರ ಮೇಲಿನ ಸೀಲಿಗೆ ಮೂರು ಸಲ ಓಡಾಡಿದ್ದು ಬಿಟ್ಟರೆ, ಯೋಜನೆ ಕೆಲಸ ಮಾಡಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ, 2ಬಿ ಹಂತ ಅಂದರು. ಆಪರೇಷನ್ ಆಗುವುದಿಲ್ಲ, ಕರೆಂಟ್ ಕೊಡಬೇಕು ಅಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟ್ ಅಂತಲೇ ಹೇಳುವುದು. ವಾರಕ್ಕೆ ಐದು ದಿನದಂತೆ ಐದು ವಾರ, 25 ಸಲ. ವಾರಕ್ಕೊಂದು ಕೀಮೋ. ಅದಾದ ಮೇಲೆ ಒಳಗಿನಿಂದ ಕೊಡುವ ಕರೆಂಟ್. ಎಲ್ಲಾ ಸೇರಿ ಎಂಟು ವಾರದೊಳಗೆ ಮುಗಿಯಬೇಕು, ನಡುವೆ ಬಿಟ್ಟರೆ ಫಲ ಕಮ್ಮಿ ಅಂತ ಖಡಾಖಂಡಿತವಾಗಿ ಹೇಳಿದರು.

ಕರೆಂಟಿಗೆ ದುಡ್ಡು ಕೊಡಬೇಕಾಗಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಎರಡು ತಿಂಗಳು ಎಲ್ಲಿ ಇರುವುದು? ಧರ್ಮಶಾಲೆಯಲ್ಲಿ ಜಾಗ ಇರಲಿಲ್ಲ. ಮೊದಲ ವಾರ ಆಸ್ಪತ್ರೆಯ ಎದುರಿನ ಬೀದಿಯಲ್ಲಿ, ದಿನಕ್ಕೆ ಇಷ್ಟು ಅಂತ ಬಾಡಿಗೆ ಕೊಟ್ಟು, ಇನ್ನೂ ಮೂರು ಸಂಸಾರದ ಜೊತೆ ಒಂದು ರೂಮಿನಲ್ಲಿ ಇದ್ದರು. ಶಕ್ತಿ ಯೋಜನೆ ಇದ್ದದ್ದಕ್ಕೆ ಚಿಕ್ಕಮ್ಮನ ಬಸ್ ಚಾರ್ಜ್ ಉಳಿಯಿತು, ನಾನು ಹೋಗಿ ಬಂದದ್ದೂ ಉಳಿಯಿತು. ಚಿಕ್ಕಪ್ಪನದು ಉಳಿಯಲಿಲ್ಲ. ಅವರ ಕೂಲಿಯೂ ಹೋಯಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಪಕ್ಕದ ಮಂಚದ ರಾಯಚೂರು ಕಡೆಯ ಹೆಂಗಸಿನ ಗಂಡ ಎರಡನೇ ವಾರಕ್ಕೆ ಊರಿಗೆ ಹೋದವನು ಮತ್ತೆ ಬರಲೇ ಇಲ್ಲ. ಕೂಲಿಗೆ ಹೋದನೋ, ಬಿಟ್ಟೇ ಹೋದನೋ ಅವಳಿಗೂ ಗೊತ್ತಿರಲಿಲ್ಲ. ಹದಿನೇಳು ಸಲ ಆದಮೇಲೆ ಅವಳೂ ಹೊರಟುಹೋದಳು. 25ರಲ್ಲಿ ಹದಿನೇಳು.

ಕರೆಂಟ್ ಕೊಡುವ ಮೊದಲು ನೀರು ಕುಡಿದು ಮೂತ್ರಚೀಲ ತುಂಬಿಸಿಕೊಂಡಿರಬೇಕು. ಸಾಲಿನಲ್ಲಿ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಯಂತ್ರ ಕೆಟ್ಟರೆ ಇನ್ನೂ ಜಾಸ್ತಿ. ಕಾಯಿಲೆಯಿಂದ ಮೊದಲೇ ಸೋತ ಹೆಂಗಸರು ಕಾಲು ಬಿಗಿ ಹಿಡಿದು ಬೆಂಚಿನ ಮೇಲೆ ಕೂತಿರುತ್ತಾರೆ. ಒಂದು ದಿನ ಚಿಕ್ಕಮ್ಮನಿಗೆ ತಡೆಯಲಾಗದೆ ಸೀರೆಯಲ್ಲೇ ಆಗಿಹೋಯಿತು. ಅವಳು ಅತ್ತದ್ದು ನಾನು ಕಂಡಿದ್ದು ಅದೊಂದೇ ದಿನ. ಕ್ಯಾನ್ಸರ್ ಅಂದಾಗ ಅತ್ತಿರಲಿಲ್ಲ.

ಚಿಕಿತ್ಸೆ ಮುಗಿದು ಊರಿಗೆ ಬಂದ ಮೇಲೆ ಅವಳ ತಟ್ಟೆ ಲೋಟ ಬೇರೆಯಾಯಿತು. ಅತ್ತೆ ಬೇಕಂತಲೇ ಮಾಡಿದ್ದಲ್ಲ, ಅಂಟುತ್ತದೆ ಅನ್ನೋ ಭಯ. ಕ್ಯಾನ್ಸರ್ ಅಂಟುವುದಿಲ್ಲ ಅಂತ ಆ ಮುದುಕಮ್ಮನಿಗೆ ಹೇಳಲು ಯಾವ ಡಾಕ್ಟರೂ ಬರಲಿಲ್ಲ. ವೈರಸ್ಸಿನ ಮಾತು ಎಲ್ಲಿಂದಲೋ ಕೇಳಿದ ಓರಗಿತ್ತಿ, "ಎಲ್ಲಿಂದ ತಂದ್ಕೊಂಡೆಯೋ" ಅಂದಳಂತೆ. ಮೂವತ್ತು ವರ್ಷ ಒಬ್ಬ ಗಂಡನ ಜೊತೆ ಬಾಳಿದವಳಿಗೆ ಈ ಮಾತು. ವೈರಸ್ ಗಂಡಸಿನಿಂದಲೂ ಬರುತ್ತದೆ ಅನ್ನುವುದು ಒಂದು ಬ್ಯಾನರಿನಲ್ಲೂ ಇರುವುದಿಲ್ಲ. ಇನ್ನು ಕರೆಂಟ್ ಆದಮೇಲೆ ಒಳಗೆ ಒಣಗುತ್ತದೆ, ಬಿಗಿಯುತ್ತದೆ, ಗಂಡ ಹೆಂಡತಿ ಸೇರುವುದು ಕಷ್ಟವಾಗುತ್ತದೆ, ಅದಕ್ಕೂ ಉಪಾಯ ಇದೆ ಅಂತ ನನಗೆ ತಿಳಿದದ್ದು ಆಸ್ಪತ್ರೆಯಿಂದಲ್ಲ. ಬೇರೊಬ್ಬ ರೋಗಿಯಿಂದ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಡಿಸ್ಚಾರ್ಜ್ ಕಾಗದ ನಾಲ್ಕು ಪುಟ ಇತ್ತು, ಎಲ್ಲಾ ಇಂಗ್ಲಿಷಿನಲ್ಲಿ.

ಮಾನ್ಯರೇ, ಈಗ ನಾವು ಕೇಳುವುದು ಏನು ಅಂತ ಬರೆಯುತ್ತೇನೆ.

ಪ್ರತಿ ಪಿಎಚ್‌ಸಿಯಲ್ಲಿ ಒಂದು ಕೋಣೆಯನ್ನು ಹೆಂಗಸರ ಪರೀಕ್ಷೆಗೆ ಅಂತಲೇ ಇಡಿಸಿ. ಚಿಲಕ, ಪರದೆ, ಬೆಳಕು, ಖಾಲಿ ಟೇಬಲ್. ಇದಕ್ಕೆ ಹೊಸ ಯೋಜನೆ ಬೇಡ, ಹೆಸರು ಬೇಡ, ಉದ್ಘಾಟನೆಯೂ ಬೇಡ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಅದು ಸಂತೆ ದಿನವೇ ಆಗಲಿ. ಸಂತೆಗೆ ಹೆಂಗಸರು ಹೇಗೂ ಬರುತ್ತಾರೆ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಆ ಫಾರಮ್ಮಿನ ನಾಲ್ಕು ಪ್ರಶ್ನೆಗಳನ್ನು ಜಗಲಿ ಮೇಲೆ ಕೇಳಿಸಬೇಡಿ, ಆ ಕೋಣೆಯಲ್ಲಿ ಕೇಳಿಸಿ.

ಎರಡನೆಯದು, ವೈರಸ್ಸನ್ನೇ ಹುಡುಕುವ ಪರೀಕ್ಷೆ. ಮುಟ್ಟು ನಿಂತವರಲ್ಲಿ ವಿನೆಗರ್ ಪರೀಕ್ಷೆ ಅಷ್ಟು ಸರಿಯಾಗಿ ಹಿಡಿಯುವುದಿಲ್ಲ, ಅವರಿಗೆ ಇದೇ ವಾಸಿ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಜೀವನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ್ದಕ್ಕೆ ಸಾವು ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿದದ್ದು 2009ರಲ್ಲೇ ಪ್ರಕಟವಾಗಿದೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸ್ಯಾಂಪಲನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು, ಬಚ್ಚಲಮನೆಯಲ್ಲಿ, ಯಾರೂ ನೋಡದೆ. ಟಿಬಿ ನೋಡಲು ಇಟ್ಟಿರುವ ಟ್ರೂನ್ಯಾಟ್ ಯಂತ್ರದಲ್ಲಿ ಎಚ್‌ಪಿವಿ ಕೂಡ ನೋಡಲು ಬರುತ್ತದೆ. ಆ ಯಂತ್ರದ ಹಿಂದಿನ ಸಂಶೋಧನೆ ನಡೆದದ್ದೂ ನಮ್ಮ ಬೆಂಗಳೂರಿನ ಲ್ಯಾಬಿನಲ್ಲೇ. ಊರಿನ ಬಾವಿಯ ನೀರು ಊರಿಗೇ ಇಲ್ಲ ಅಂದ ಹಾಗಾಗಬಾರದು. ಒಂದೆರಡು ಜಿಲ್ಲೆಯಲ್ಲಾದರೂ ಶುರು ಮಾಡಿ. ನಮ್ಮ ಜಿಲ್ಲೆ ಆದರೆ ಸಂತೋಷ.

ಪರೀಕ್ಷೆಯಲ್ಲಿ ಏನಾದರೂ ಸಿಕ್ಕವರನ್ನು ಚೀಟಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅವರು ತಾಲ್ಲೂಕಿಗೆ ಹೋದರಾ, ಡಾಕ್ಟರ್ ಸಿಕ್ಕರಾ, ಚಿಕಿತ್ಸೆ ಆಯಿತಾ ಅಂತ ಕೊನೇ ತನಕ ಕೇಳುವ ಒಬ್ಬರು ಇರಬೇಕು. ನನ್ನ ಆಫೀಸಿನಲ್ಲಿ ಒಂದು ಸ್ಪೀಡ್ ಪೋಸ್ಟ್ ಕವರ್ ಎಲ್ಲಿದೆ ಅಂತ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಒಬ್ಬ ಹೆಂಗಸು ಎಲ್ಲಿ ನಿಂತಿದ್ದಾಳೆ ಅಂತ ಗೊತ್ತಾಗುವುದಿಲ್ಲವೇ?

ಕರೆಂಟಿಗೆ ಬೆಂಗಳೂರಿಗೆ ಹೋಗುವವರಿಗೆ ಎರಡು ತಿಂಗಳು ಇರಲು ಜಾಗ, ಜೊತೆಗಿರುವವರಿಗೂ ಬಸ್ ಪಾಸ್, ಕೂಲಿ ಹೋದ ಸಂಸಾರಕ್ಕೆ ಆ ಎರಡು ತಿಂಗಳ ಮಟ್ಟಿಗೆ ಏನಾದರೂ ಸಹಾಯ. 17ಕ್ಕೆ ಬಿಟ್ಟು ಹೋದವಳ ಚಿಕಿತ್ಸೆಗೆ ಸರ್ಕಾರ ಅದಾಗಲೇ ಕೊಟ್ಟ ದುಡ್ಡೂ ನೀರಿನಲ್ಲಿ ಹೋಮ ಆಯಿತಲ್ಲ. ಡಿಸ್ಚಾರ್ಜ್ ಕಾಗದದ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿಸಿ. ಏನು ತಿನ್ನಬಹುದು, ಯಾವಾಗ ಹೆದರಬೇಕು, ಗಂಡ ಹೆಂಡತಿ ವಿಷಯ, ತಟ್ಟೆ ಲೋಟದ ವಿಷಯ, ಎಲ್ಲಾ ಅದರಲ್ಲಿರಲಿ. ಓದಲು ಬಾರದವರಿಗೆ ನಾನು ಓದಿ ಹೇಳುತ್ತೇನೆ.

ಚಿಕ್ಕಮ್ಮ ಈಗ ಚೆನ್ನಾಗಿದ್ದಾಳೆ. ಗೊತ್ತು ಮಾಡಿದ ದಿನಕ್ಕೆ ಚೆಕಪ್ಪಿಗೆ ಹೋಗಿ ಬರುತ್ತಾಳೆ. ಮೂತ್ರ ಉರಿ ಇನ್ನೂ ಇದೆ. ಶೇಂಗಾ ಬಿಡಿಸುವ ಕಡೆ, ನಲ್ಲಿ ಹತ್ತಿರ, ಎಲ್ಲಿ ಕೂತರೂ ಈಗ ಅವಳದು ಅದೇ ಮಾತು. ಯಾವುದನ್ನು ಅತ್ತೆ ಮುಂದೆ ಹೇಳಲಾಗದೆ "ಇಲ್ಲ" ಅಂದಿದ್ದಳೋ, ಈಗ ಅದೇ ಅತ್ತೆಯ ಮುಂದೆ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಕೇಳುತ್ತಾಳೆ. ಹನ್ನೊಂದು ಜನ ಪರೀಕ್ಷೆಗೆ ಬರಲು ಒಪ್ಪಿದ್ದಾರೆ. ಅದರಲ್ಲಿ ಆ ಓರಗಿತ್ತಿಯೂ ಒಬ್ಬಳು. ಶೇಂಗಾ ಕೆಲಸ ಮುಗಿದ ಮೇಲೆ, ದೀಪಾವಳಿ ಹೊತ್ತಿಗೆ ಹೋಗೋಣ ಅಂತ ಮಾತಾಗಿದೆ. ಸಿಸ್ಟರ್ ಟೇಬಲ್ ಖಾಲಿ ಮಾಡಿಸಿದ್ದಾರೆ. ಬಾಟಲಿ ತರಿಸಿದ್ದಾರೆ. ಕಿಟಕಿಗೆ ನಮ್ಮ ಸ್ತ್ರೀಶಕ್ತಿ ಸಂಘದಿಂದ ಪರದೆ ಹೊಲಿದು ಕೊಟ್ಟಿದ್ದೇವೆ.

ಚಿಲಕ ಹಾಕಿಕೊಡಲು ನಮ್ಮೂರ ಬಡಗಿ ಒಪ್ಪಿದ್ದಾನೆ, ದುಡ್ಡೂ ಬೇಡ ಅಂದಿದ್ದಾನೆ. ಆದರೆ ಸರ್ಕಾರಿ ಕಟ್ಟಡದ ಬಾಗಿಲಿಗೆ ಮೊಳೆ ಹೊಡೆಯಲು ಮೇಲಿನಿಂದ ಅನುಮತಿ ಬೇಕಂತೆ. ಅದಕ್ಕೆ ಅರ್ಜಿ ಬರೆದುಕೊಟ್ಟವಳೂ ನಾನೇ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದವಳೂ ನಾನೇ. ಕಳಿಸಿದ ಮೂರನೇ ದಿನವೇ ತಲುಪಿದೆ ಅಂತ ತೋರಿಸುತ್ತಿದೆ. ಉತ್ತರ ಇನ್ನೂ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಬ್ರ್ಯಾಂಚ್ ಪೋಸ್ಟ್‌ಮಾಸ್ಟರ್